ಬಾಲರಾಜುವಿನ ಕಂಬಳಿ

ಕುರಿ ಕಾಯುವವರಿಗೆಂದು ರೊಟ್ಟಿ ಬುತ್ತಿ ಹಿಡಿದು ಬಬ್ಬೂರಿನ ತಮ್ಮ ಹೊಲಕ್ಕೆ ಬಂದ ಮೇಘಶ್ರೀ ಅಲ್ಲೇ ನಿಂತುಬಿಟ್ಟಳು. ಗೊಬ್ಬರಕ್ಕೆಂದು ಅಪ್ಪ ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿದ್ದು ಗೊತ್ತಿತ್ತು. ಮಂದೆ ಜೊತೆಗಿರುವವನು ತನ್ನ ಕಾಲೇಜಿನಲ್ಲೇ ಒಂದು ವರ್ಷ ಮುಂದಿರುವ ಬಾಲರಾಜು ಎಂದು ಗೊತ್ತಿರಲಿಲ್ಲ.

ಶನಿವಾರ ಬಂತೆಂದರೆ ಹಿರಿಯೂರಿನ ಕಾಲೇಜಿನಿಂದ ಮಾಯವಾಗುತ್ತಿದ್ದ ಆಸಾಮಿ ಇವನೇ. ಅವನ ಹಟ್ಟಿಯಲ್ಲಿ ಯಾವಳೋ ಇದ್ದಾಳೆಂದು ಮೇಘಶ್ರೀ ಒಳಗೊಳಗೇ ಕುದ್ದಿದ್ದಳು. ಈಗ ನೋಡಿದರೆ ಬರೀ ಕುರಿಗಳು.

"ಇವತ್ತು ನಿಂದು ಲಾಸ್ಟ್ ಪೇಪರ್ ಐತಲ್ಲೋ. ಇಲ್ಲೇನ್ ಮಾಡ್ತಿದೀಯ?"

"ಅಪ್ಪಂಗೆ ಜ್ವರ ಏರ್ತು. ಅವ್ವ ಆಸ್ಪತ್ರೆಗೆ ಕರ್ಕಂಡು ಹೋಗವ್ಳೆ. ಕುರಿ ಬಿಟ್ಟು ಹೆಂಗ್ ಹೋಗ್ಲಿ?"

ಆ ಪೇಪರ್ ಬರೆದರೆ ಅವನದು ಇಡೀ ಹಟ್ಟಿಗೇ ಮೊದಲ ಡಿಗ್ರಿ. ತಪ್ಪಿದರೆ ಪುಸ್ತಕ ಅಟ್ಟಕ್ಕೆ, ಅವನು ಅಡವಿಗೆ.

"ನೀನು ಹೋಗು. ನಾನು ನೋಡ್ಕಂತೀನಿ."

"ನೀನಾ? ಕ್ಯಾಂಟೀನಲ್ಲಿ ನಾಯಿ ಕಂಡ್ರೆ ಬೆಂಚ್ ಹತ್ತೋಳು."

"ಕುರಿ ಕಚ್ಚಲ್ಲ ತಾನೇ? ಸ್ಕೂಟಿ ಕೀ ತಗ."

ಕೀ ತೆಗೆದುಕೊಳ್ಳುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿ, ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಅಲ್ಲಿ ನಿಂತಿತು. ಇಬ್ಬರೂ ಏನೂ ಆಗದವರ ಹಾಗೆ ಕುರಿಗಳ ಕಡೆ ನೋಡಿದರು.

ಸ್ಕೂಟಿ ಮರೆಯಾದದ್ದೇ ತಡ, ಟಗರು ಮಂದೆಯ ಸುತ್ತ ಕಟ್ಟಿದ್ದ ತಡಿಕೆ ನೂಕಿ ಪಕ್ಕದವರ ಈರುಳ್ಳಿ ಹೊಲದತ್ತ ಹೊರಟಿತು. ಮಂದೆಯೆಲ್ಲ ಅದರ ಹಿಂದೆ. ಮೇಘಶ್ರೀ ಕೂಗಿದಳು, ಬೇಡಿಕೊಂಡಳು, ಕೊನೆಗೆ ಬೈದಳು. ಟಗರು ಅವಳನ್ನು ಮೂಸಿ, ಪೌಡರಿನ ವಾಸನೆಗೆ ಸೀನಿ, ಮುಂದೆ ಹೋಯಿತು.

ಬೇಲಿಯ ಮೇಲೆ ಬಾಲರಾಜು ಬಿಟ್ಟುಹೋದ ಕಂಬಳಿ ಕಂಡಿತು. ಸುಡುಬಿಸಿಲಲ್ಲೇ ಅದನ್ನು ತಲೆಯಿಂದ ಹೊದ್ದು ಟಗರಿಗೆ ಅಡ್ಡ ನಿಂತಳು. ಅದು ಮೂಸಿತು. ಮತ್ತೆ ಮೂಸಿತು. ಅವಳು ತಿರುಗಿ ನಡೆದಾಗ ಟಗರೂ ತಿರುಗಿತು, ಮಂದೆಯೂ ತಿರುಗಿತು. ಬೆವರಲ್ಲಿ ತೊಯ್ದು ತೊಪ್ಪೆಯಾಗಿದ್ದ ಹುಡುಗಿ ರಾಣಿಯ ಹಾಗೆ ಮುಂದೆ ಮುಂದೆ ನಡೆದಳು. ಕಂಬಳಿಗೆ ಅವನದೇ ವಾಸನೆಯಿತ್ತು, ಅದೂ ಹಿತವಾಗಿತ್ತು.

ಗಂಡನ ಜ್ವರ ಇಳಿದ ಮೇಲೆ ಸಂಜೆ ಬಂದ ಬಾಲರಾಜುವಿನ ಅವ್ವ ದೊಡ್ಡಕ್ಕ ಕಣ್ಣರಳಿಸಿದಳು.

"ಯಾರವ್ವ ನೀನು? ನನ್ ಮಗ ಎಲ್ಲಿ?"

"ಪರೀಕ್ಷೆಗೆ ಹೋಗವ್ನೆ. ನಾನು ಈ ಹೊಲದೋರ ಮಗಳು."

ದೊಡ್ಡಕ್ಕ ಮಂದೆ ನೋಡಿದಳು, ಹುಡುಗಿಯ ಹೆಗಲ ಕಂಬಳಿ ನೋಡಿದಳು. "ನಮ್ ಟಗರು ಹೊರಗಿನೋರ ಹಿಂದೆ ಹೋಗಾದಿಲ್ಲ ಬಿಡು," ಎಂದು ನಕ್ಕಳು.

ರಿಸಲ್ಟ್ ದಿನ ಕಾಲೇಜಿನ ಮುಂದೆ ಹಟ್ಟಿಗೆ ಹಟ್ಟಿಯೇ ನೆರೆದಿತ್ತು. ಬಾಲರಾಜು ಫಸ್ಟ್ ಕ್ಲಾಸ್. ಹಾರ ತಂದವನು ಮೇಘಶ್ರೀಯ ಅಪ್ಪ ಮುರುಗೇಶಪ್ಪನೇ. ಹಾರ ಹಾಕಿಸಿಕೊಂಡವನು ಸೀದಾ ಬೇವಿನ ಮರದಡಿ ನಿಂತವಳ ಹತ್ತಿರ ಬಂದ.

"ನನ್ ಕಂಬಳಿ ಇನ್ನೂ ನಿನ್ ಹತ್ರಾನೇ ಐತೆ."

"ಕೊಡಲ್ಲ."

"ಹಂಗಾದ್ರೆ ಅದಿರೋ ಕಡೆ ನಾನೂ ಇರ್ಬೇಕಾಗ್ತೈತೆ." ಅವನ ದನಿ ಇಳಿಯಿತು. "ನಿನ್ನ ಕಂಡ್ರೆ ನಂಗಿಷ್ಟ, ಮೇಘಾ. ಮೊದಲಿಂದ್ಲೂ."

"ಇಷ್ಟು ಹೇಳಾಕೆ ಡಿಗ್ರಿ ಬೇಕಾತೇನೋ?"

ಅವನ ಕೊರಳಿನ ಹಾರ ತೆಗೆದು ಅವಳೇ ಹಾಕಿಕೊಂಡಳು. ಹಟ್ಟಿ ಸಿಳ್ಳೆ ಹೊಡೆಯಿತು. ಮೇಘಶ್ರೀ ತಲೆಯೆತ್ತಿ ಗೇಟಿನತ್ತ ನಡೆದಳು, ಬಾಲರಾಜು ಅವಳ ಹಿಂದೆ.

ದೊಡ್ಡಕ್ಕ ಮುರುಗೇಶಪ್ಪನ ಕಡೆ ತಿರುಗಿದಳು. "ನಿಮ್ ಮಗಳಿಗೆ ನಾ ಅವತ್ತೇ ಹೇಳಿದ್ದೆ ಕಣ್ರಿ. ನಮ್ ಟಗರು ಹೊರಗಿನೋರ ಹಿಂದೆ ಹೋಗಾದಿಲ್ಲ."