ಒಂದೇ ಜಡೆ

"ಅಮ್ಮಾ, ಇನ್ನೊಂದು ಜಡೆ!"

"ಒಂದ್ ನಿಮಿಷ ಇರು ಕಣೇ," ಎಂದ ಅಮ್ಮ ಬಾಚಣಿಗೆಯನ್ನು ಬಟಾಣಿಯ ತಲೆಯಲ್ಲೇ ಸಿಕ್ಕಿಸಿ ಫೋನ್ ಎತ್ತಿಕೊಂಡಳು. "ಹಲೋ... ಹ್ಞಾಂ ಪಾಸ್ಟರ್, ಹೇಳಿ... ಸರ್ಕಲ್ ಹತ್ರ ಬಂದ್ರಾ? ಅಯ್ಯೋ, ಎಡಕ್ಕೆ ತಿರುಗ್ಬೇಡಿ! ಅಲ್ಲಿ ರೋಡು ಅಗೆದು ಹಾಕಿದ್ದಾರೆ!"

ಅಮ್ಮನ ಒಂದು ನಿಮಿಷ ಅಂದರೆ ರಬ್ಬರ್ ಬ್ಯಾಂಡ್ ಇದ್ದ ಹಾಗೆ, ಎಳೆದಷ್ಟೂ ಉದ್ದ. ಮಾತಾಡುತ್ತಾ ಮಾತಾಡುತ್ತಾ ಅವಳು ಬಾಗಿಲು ದಾಟಿ, ಅಂಗಳ ದಾಟಿ ಗೇಟಿನವರೆಗೂ ಹೋಗಿಬಿಟ್ಟಳು. ಬಟಾಣಿಯ ಎಡಗಡೆ ಜಡೆ ಹಳದಿ ರಿಬ್ಬನ್ ಕಟ್ಟಿಕೊಂಡು ಜಂಬದಿಂದ ಕೂತಿತ್ತು. ಬಲಗಡೆ ಕೂದಲು ಹೆಗಲ ಮೇಲೆ ಹರಡಿಕೊಂಡೇ ಉಳಿಯಿತು.

ಬಟಾಣಿ ಅನ್ನುವುದು ಅವಳ ನಿಜವಾದ ಹೆಸರಲ್ಲ. ಮಗುವಾಗಿದ್ದಾಗ ಮಲಗಿಸಿದ ಕಡೆ ಇರದೆ ಉರುಳಿ ಉರುಳಿ ಮಂಚದ ಕೆಳಗೆ ಸೇರುತ್ತಿದ್ದಳಂತೆ, ಅದಕ್ಕೆ ಅಪ್ಪ ಇಟ್ಟ ಹೆಸರು. ಈಗ ಐದನೇ ಕ್ಲಾಸಿಗೆ ಬಂದರೂ ಹೆಸರು ಮಾತ್ರ ಬಿಟ್ಟು ಹೋಗಿರಲಿಲ್ಲ.

ಅಮ್ಮನ ಕೆಲಸ ಸ್ವಲ್ಪ ವಿಚಿತ್ರವಾದದ್ದು. ಬೇರೆ ಬೇರೆ ಊರಿನ ಚರ್ಚುಗಳಿಂದ ಜನ ಗುಂಪಾಗಿ ಈ ನಗರಕ್ಕೆ ಬರುತ್ತಾರೆ. ಒಂದು ವಾರ ಇದ್ದು, ಸೇವೆ ಮಾಡಿ ಹೋಗುತ್ತಾರೆ. ಅದಕ್ಕೆ ಮಿಷನ್ ಟ್ರಿಪ್ ಅನ್ನುತ್ತಾರೆ. ಬಂದವರು ಎಲ್ಲಿ ಮಲಗಬೇಕು, ಏನು ತಿನ್ನಬೇಕು, ಯಾವ ಬೀದಿ ಗುಡಿಸಬೇಕು, ಯಾರಿಗೆ ಊಟ ಬಡಿಸಬೇಕು, ಎಲ್ಲವೂ ಅಮ್ಮನ ತಲೆ ಮೇಲೆ. ಕೆಲವು ಸಲ ಬಂದ ಜನಕ್ಕೆ ಸಾಕಾಗುವಷ್ಟು ಕೆಲಸವೇ ಇರುವುದಿಲ್ಲ. ಆಗ ಅಂಗಳದ ಬೆಂಚಿಗೆ ಬಣ್ಣ ಹಚ್ಚಿಸುತ್ತಾಳೆ. ಈ ರಜೆಯಲ್ಲೇ ಆ ಬೆಂಚು ಹಸಿರಾಗಿ, ನೀಲಿಯಾಗಿ, ಮತ್ತೆ ಹಸಿರಾಗಿತ್ತು. "ಪಾಪ, ಅದಕ್ಕೆ ಒಣಗೋದಕ್ಕೂ ಪುರುಸೊತ್ತಿಲ್ಲ," ಎಂದು ಅಡುಗೆ ಮಾಮ ನಗುತ್ತಿದ್ದ.

ತಂಡದವರು ಮಲಗುವ ದೊಡ್ಡ ಹಾಲ್‌ನ ಹಿಂದಿನ ಎರಡು ಕೋಣೆಗಳೇ ಬಟಾಣಿಯ ಮನೆ. ಅದಕ್ಕೆ ಬಾಗಿಲು ಬೇರೆ, ತಂಡದವರು ಆ ಕಡೆ ಬರುವುದಿಲ್ಲ. ಅಪ್ಪನಿಗೆ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ನೈಟ್ ಶಿಫ್ಟು. ಹಗಲೆಲ್ಲ ಬಾಗಿಲು ಮುಚ್ಚಿಕೊಂಡು ಮಲಗುತ್ತಾನೆ.

ಇನ್ನು ಅಮ್ಮನದೊಂದು ರೂಲ್ ಇತ್ತು. ತಂಡ ಬಂದಾಗ ಪ್ರತಿದಿನ ಮಧ್ಯಾಹ್ನ ಓಣಿಯ ಕೊನೆಯಲ್ಲಿರುವ ಮಕ್ಕಳ ಮನೆಯಿಂದ ಮಕ್ಕಳು ಆಟಕ್ಕೆ ಬರುತ್ತಾರೆ. ಅವರಲ್ಲಿ ಕೆಲವರಿಗೆ ಅಮ್ಮ ಇಲ್ಲ. ಕೆಲವರ ಅಮ್ಮಂದಿರು ಎಲ್ಲಿದ್ದಾರೋ ಯಾರಿಗೂ ಗೊತ್ತಿಲ್ಲ.

"ಅವರ ಮುಂದೆ ಅಮ್ಮಾ ಅಮ್ಮಾ ಅಂತ ನನ್ನ ಸೆರಗು ಹಿಡ್ಕೊಂಡು ಓಡಾಡ್ಬೇಡ," ಎಂದಿದ್ದಳು ಅಮ್ಮ. "ಅವರಿಗೆ ಹೊಟ್ಟೆ ಉರಿಯುತ್ತೆ. ಅಲ್ಲಿ ನಾನು ಎಲ್ಲರಿಗೂ ಮಿಸ್. ನಿನಗೂ ಮಿಸ್. ತಿಳೀತಾ?"

ತಿಳಿದಿತ್ತು. ಆದರೆ ಈ ರಜೆಯಲ್ಲಿ ಒಂದು ತಂಡ ಹೋಗುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಅಮ್ಮ 'ಮಿಸ್' ಆಗಿಯೇ ಉಳಿದುಬಿಟ್ಟಿದ್ದಳು.

ಆವತ್ತು ಮಧ್ಯಾಹ್ನ ಮಕ್ಕಳೆಲ್ಲ ಚಾಪೆ ಮೇಲೆ ಕೂತು ಕ್ರೇಯಾನ್‌ನಲ್ಲಿ ಚಿತ್ರ ಬಿಡಿಸುತ್ತಿದ್ದರು. ಬಟಾಣಿಯೂ ಒಂದು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಹೊಸ ತಂಡದ ಅಕ್ಕನೊಬ್ಬಳು ಬಂದು ಪಕ್ಕದಲ್ಲಿ ಕೂತಳು. ಅವಳ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ಏನ್ ಪುಟ್ಟಾ, ಒಂದೇ ಜಡೆ? ಹೊಸ ಫ್ಯಾಷನ್ನಾ?"

ಬಟಾಣಿ ಕ್ರೇಯಾನನ್ನು ಇನ್ನಷ್ಟು ಒತ್ತಿ ಗೀಚಿದಳು.

"ಬಾ, ನಾನು ಹಾಕ್ತೀನಿ."

ಕನ್ನಡಕದ ಅಕ್ಕನ ಕೈ ಮೆತ್ತಗಿತ್ತು. ಒಂದು ಸಿಕ್ಕು ಬಿಡಿಸುವಾಗಲೂ ನೋಯಿಸಲಿಲ್ಲ. ಅವಳ ಫೋನ್ ಬ್ಯಾಗಿನೊಳಗೇ ಇತ್ತು, ಒಂದು ಸಲವೂ ಹೊರಗೆ ಬರಲಿಲ್ಲ.

"ಬೆಳಗ್ಗೆ ಯಾರು ಹಾಕಿದ್ದು ಇದನ್ನ? ಅಮ್ಮ ಇದ್ದಾರಾ ನಿಂಗೆ?"

ಬಟಾಣಿ ತಲೆ ಎತ್ತಿದಳು. ಹಾಲ್‌ನ ಆ ತುದಿಯಲ್ಲಿ ಅಮ್ಮ ಬೆನ್ನು ತಿರುಗಿಸಿ ನಿಂತಿದ್ದಳು. ಕಿವಿಗೆ ಫೋನು, ಕೈಯಲ್ಲಿ ಬಣ್ಣದ ಡಬ್ಬ. ಬಟಾಣಿಗೆ ಎಲ್ಲಿತ್ತೋ ಅಷ್ಟು ಸಿಟ್ಟು. ಅವಳು ಜೋರಾಗಿ ತಲೆ ಅಲ್ಲಾಡಿಸಿದಳು.

"ಇಲ್ಲ. ಸತ್ತೋದ್ರು."

ಅಕ್ಕನ ಕೈ ನಿಂತುಹೋಯಿತು. "ಅಯ್ಯೋ ಕಂದಾ..." ಎಂದು ಹಿಂದಿನಿಂದಲೇ ತಬ್ಬಿಕೊಂಡಳು. "ಮತ್ತೆ ಅಪ್ಪ?"

"ರಾತ್ರಿ ಕೆಲಸಕ್ಕೆ ಹೋಗ್ತಾರೆ."

"ರಾತ್ರಿಯೆಲ್ಲ ಒಬ್ಬಳೇ ಇರ್ತೀಯಾ?"

ಬಟಾಣಿ ಹೌದೆಂದು ತಲೆ ಆಡಿಸಿದಳು. ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದು ತಾನೇ ದಾರಿ ಹುಡುಕಿಕೊಂಡು ಬಂತು.

ಎದುರಿನ ಚಾಪೆಯಲ್ಲಿ ಗುಂಗುರು ಕೂತಿದ್ದಳು. ಅವಳೂ ಬಟಾಣಿಯ ವಯಸ್ಸಿನವಳೇ, ಮಕ್ಕಳ ಮನೆಯವಳು. ಗುಂಗುರು ಕೂದಲಿಗೇ ಅವಳಿಗೆ ಆ ಹೆಸರು. ಆದರೆ ಆ ಕೂದಲನ್ನು ಹುಡುಗರ ಹಾಗೆ ಕತ್ತರಿಸಿಬಿಟ್ಟಿದ್ದರು. ಅಲ್ಲಿ ಅಷ್ಟು ಹುಡುಗಿಯರಿಗೆ ದಿನಾ ಜಡೆ ಹಾಕುವವರು ಯಾರು?

ಗುಂಗುರು ಕ್ರೇಯಾನ್ ಕೆಳಗಿಟ್ಟು ಬಟಾಣಿಯನ್ನೇ ದಿಟ್ಟಿಸಿ ನೋಡುತ್ತಿದ್ದಳು. ಅವಳಿಗೆ ಎಲ್ಲ ಕೇಳಿಸಿತ್ತು. ಆದರೆ ಅಕ್ಕನ ಮುಂದೆ ಏನೂ ಹೇಳಲಿಲ್ಲ. ಬಟಾಣಿ ಕೈ ತೊಳೆಯಲು ನಲ್ಲಿಯ ಹತ್ತಿರ ಹೋದಾಗ ಪಕ್ಕದಲ್ಲಿ ಬಂದು ನಿಂತಳು.

"ಮಿಸ್ ನಿನ್ನ ಅಮ್ಮ ಅಂತ ನಂಗೊತ್ತು," ಎಂದಳು.

"ಗೊತ್ತಿದ್ರೆ ಏನೀಗ?"

"ಏನಿಲ್ಲ. ನಿಂಗೆ ಬೇಡ ಅಂದ್ರೆ ನಂಗೆ ಕೊಡು."

ಗುಂಗುರು ಜಗಳಕ್ಕೆ ಬಂದ ಹಾಗೆ ಹೇಳಲಿಲ್ಲ. ಬೇಡದ ಪೆನ್ಸಿಲ್ ಕೇಳುವ ಹಾಗೆ ಕೇಳಿದಳು. ಬಟಾಣಿ ನಲ್ಲಿ ನಿಲ್ಲಿಸುವುದನ್ನೂ ಮರೆತು ಓಡಿಬಿಟ್ಟಳು.

ಆ ವಾರವೆಲ್ಲ ಕನ್ನಡಕದ ಅಕ್ಕ ಬಟಾಣಿಯನ್ನು ಬಿಟ್ಟಿರಲಿಲ್ಲ. ದಿನಾ ಮಧ್ಯಾಹ್ನ ಎರಡೂ ಜಡೆ ಬಿಚ್ಚಿ ಹೊಸದಾಗಿ ಹೆಣೆಯುತ್ತಿದ್ದಳು. ತನ್ನ ಪಾಲಿನ ಬಿಸ್ಕತ್ತು ಕೊಡುತ್ತಿದ್ದಳು. ಮೊದಲ ದಿನ ಅದು ಸಿಹಿಯಾಗಿತ್ತು. ಆಮೇಲೆ ಬರಬರುತ್ತಾ ಬಟಾಣಿ ಅದನ್ನು ತಿನ್ನದೆ ಫ್ರಾಕಿನ ಜೇಬಿಗೆ ಸೇರಿಸತೊಡಗಿದಳು.

"ನಮ್ಮ ಚರ್ಚಲ್ಲಿ ಎಲ್ಲರಿಗೂ ನಿನ್ನ ವಿಷಯ ಹೇಳ್ತೀನಿ," ಎಂದಳು ಅಕ್ಕ ಒಂದು ದಿನ. "ಪ್ರತಿ ಭಾನುವಾರ ನಿಂಗೋಸ್ಕರ ಪ್ರಾರ್ಥನೆ ಮಾಡ್ತೀವಿ."

ಬಟಾಣಿ ತಟಕ್ಕನೆ ತಿರುಗಿ ಅಕ್ಕನನ್ನು ನೋಡಿದಳು. ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದ ಜನರೆಲ್ಲ ಸೇರಿಕೊಂಡು, ಈ ಮಗುವಿಗೆ ಅಮ್ಮ ಇಲ್ಲ ಅಂತ ದೇವರಿಗೆ ಹೇಳುತ್ತಾರೆ! ಅಷ್ಟು ಜನ ಹೇಳಿದ ಮೇಲೆ ದೇವರು ನಂಬಿಬಿಟ್ಟರೆ? ನಿಜವಾಗಿಯೂ ಅಮ್ಮನಿಗೆ ಏನಾದರೂ ಆಗಿಬಿಟ್ಟರೆ?

ಆ ರಾತ್ರಿ ಅವಳು ಅಮ್ಮನ ಪಕ್ಕ ಒತ್ತಿಕೊಂಡು ಮಲಗಿದಳು. ಅಮ್ಮನ ಉಸಿರು ಕೇಳುತ್ತದೋ ಇಲ್ಲವೋ ಎಂದು ಕಿವಿ ಕೊಟ್ಟಳು. ದಣಿದಿದ್ದ ಅಮ್ಮ ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಗೊರಕೆ ಕೇಳಿ ಇಷ್ಟು ಸಮಾಧಾನ ಆಗಬಹುದು ಅಂತ ಬಟಾಣಿಗೆ ಗೊತ್ತಿರಲಿಲ್ಲ.

ತಂಡದ ಕೊನೆಯ ಸಂಜೆ ಬಂತು. ಹಾಲ್‌ನಲ್ಲಿ ಎಲ್ಲರೂ ವೃತ್ತವಾಗಿ ಕೂತರು. ಮಕ್ಕಳು, ತಂಡದವರು, ಅವರನ್ನು ಕರೆತಂದ ಪಾಸ್ಟರ್, ಬಾಗಿಲ ಹತ್ತಿರ ಅಡುಗೆ ಮಾಮ. ಅಮ್ಮ ಬಟಾಣಿಯ ಎದುರಿಗೇ ಕೂತಿದ್ದಳು. ಎಲ್ಲರೂ ಹಾಡಿದರು. ಆಮೇಲೆ ಕಣ್ಣು ಮುಚ್ಚಿದರು. ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡುತ್ತಾ ಕನ್ನಡಕದ ಅಕ್ಕನ ಸರದಿ ಬಂತು.

"ಕರ್ತನೇ," ಎಂದಳು ಅಕ್ಕ. "ಒಂದೇ ಜಡೆ ಹಾಕ್ಕೊಂಡು ನನ್ನ ಹತ್ರ ಬಂದ ಆ ಪುಟ್ಟ ಮಗು... ತಾಯಿಯನ್ನ ಕಳ್ಕೊಂಡಿರೋ ಮಗು... ಅಪ್ಪ ಕೆಲಸಕ್ಕೆ ಹೋದ್ರೆ ರಾತ್ರಿಯೆಲ್ಲ ಒಬ್ಬಳೇ ಇರ್ತಾಳೆ. ಅವಳಿಗೆ ನೀನೇ ತಾಯಿಯಾಗಿರು ಕರ್ತನೇ..."

ಬಟಾಣಿ ಕಣ್ಣು ತೆರೆದಳು.

ಎಲ್ಲರ ಕಣ್ಣೂ ಮುಚ್ಚಿತ್ತು. ಎದುರಿಗೆ ಅಮ್ಮನ ಕಣ್ಣು ಮಾತ್ರ ತೆರೆದಿತ್ತು. ಅಮ್ಮ ಬಟಾಣಿಯನ್ನೇ ನೋಡುತ್ತಿದ್ದಳು. ಹಳದಿ ರಿಬ್ಬನ್ನನ್ನು, ನೀಟಾಗಿ ಹೆಣೆದ ಆ ಎರಡು ಜಡೆಗಳನ್ನು ನೋಡುತ್ತಿದ್ದಳು. ಅಮ್ಮನ ಮುಖದಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಆಮೆನ್," ಎಂದರು ಎಲ್ಲರೂ.

"ಆಮೆನ್," ಎಂದಳು ಅಮ್ಮ, ಎಲ್ಲರಿಗಿಂತ ತಡವಾಗಿ.

ಮಕ್ಕಳು ಹೊರಟ ಮೇಲೆ ಅಮ್ಮ ಬಟಾಣಿಯನ್ನು ಸ್ಟೋರ್ ರೂಮಿಗೆ ಕರೆದಳು. ಅಲ್ಲಿ ದಿಂಬುಗಳ ರಾಶಿಗೆ ಒಗೆದ ಕವರ್ ಹಾಕುವ ಕೆಲಸವಿತ್ತು. ಬಟಾಣಿ ಒಂದು ಏಟು ಬೀಳುತ್ತದೆಂದು ಕಾದಳು. ಬೀಳಲಿಲ್ಲ. ಅಮ್ಮ ಒಂದರ ಮೇಲೊಂದು ಕವರ್ ಹಾಕುತ್ತಲೇ ಇದ್ದಳು.

"ನಾನಿನ್ನೂ ಬದುಕಿದ್ದೀನಿ ಕಣೇ," ಎಂದಳು ಕೊನೆಗೆ. ನಗಲು ನೋಡಿದಳು, ಆಗಲಿಲ್ಲ. "ನಂದು ಗಟ್ಟಿ ಜೀವ. ಅಷ್ಟು ಬೇಗ ಹೋಗಲ್ಲ."

ಬಟಾಣಿ ಗೊಳೋ ಎಂದು ಅತ್ತುಬಿಟ್ಟಳು. "ನೀನು ಅವತ್ತು ಜಡೆ ಹಾಕ್ಲಿಲ್ಲ... ಒಂದ್ ನಿಮಿಷ ಅಂದೆ... ಆಮೇಲೆ ತಿರುಗೂ ನೋಡ್ಲಿಲ್ಲ..."

"ಹೌದು. ನೋಡ್ಲಿಲ್ಲ," ಎಂದಳು ಅಮ್ಮ. ಕೈಯಲ್ಲಿದ್ದ ದಿಂಬನ್ನು ಮಡಿಲಲ್ಲಿ ಇಟ್ಟುಕೊಂಡಳು. "ಅವಳು ಚೆನ್ನಾಗಿ ಹೆಣೀತಾಳೆ. ನನಗಿಂತ ಚೆನ್ನಾಗಿ."

ಬಟಾಣಿ ಅಲ್ಲ ಅನ್ನಲಿಲ್ಲ. ಇನ್ನೊಂದು ಸುಳ್ಳು ಹೇಳುವ ಧೈರ್ಯ ಅವಳಿಗಿರಲಿಲ್ಲ.

"ಅಮ್ಮಾ, ನೀನೇ ಹೋಗಿ ಅಕ್ಕಂಗೆ ಹೇಳು. ಪ್ಲೀಸ್."

"ನಾನು ಹೇಳಿದ್ರೆ ಅದು ಸಬೂಬು ಆಗುತ್ತೆ. ಹೇಳಿದವಳು ನೀನು, ನೀನೇ ಸರಿಮಾಡ್ಬೇಕು." ಅಮ್ಮ ಕಣ್ಣು ಒರೆಸಿಕೊಂಡಳು. "ಪಾಸ್ಟರ್ ಏನಂತಾರೋ ಗೊತ್ತಿಲ್ಲ. ನಾವೇ ನಮ್ಮ ಮಕ್ಕಳನ್ನ ಅನಾಥರು ಅಂತ ಕೂರಿಸಿ ತೋರಿಸ್ತೀವಿ ಅಂತ ಅಂದ್ಕೊಂಡ್ರೆ, ಮತ್ತೆ ನಮ್ಮ ಹತ್ರ ಯಾವ ತಂಡ ಕಳಿಸ್ತಾರೆ? ನನ್ನ ಕೆಲಸವೇ ಹೋಗ್ಬಹುದು. ಆದ್ರೂ ಹೇಳ್ಬೇಕು."

ಬಟಾಣಿಯ ಅಳು ಅರ್ಧಕ್ಕೇ ನಿಂತಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಡುಗೆ ಮಾಮ ಯಾವಾಗಲೂ ಹೇಳುತ್ತಿದ್ದ. ಅವಳು ಆಡಿದ ಮಾತು ಇಷ್ಟು ದೂರ ಹೋಗಿ ಕೂತಿತ್ತು.

ಬೆಳಗ್ಗೆ ಬಸ್ಸು ಗೇಟಿಗೆ ಬಂದು ನಿಂತಿತು. ಕನ್ನಡಕದ ಅಕ್ಕ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಂದು, ಬಟಾಣಿಯ ಮುಂದೆ ಮಂಡಿಯೂರಿ ಕೂತಳು.

"ಹೋಗ್ಬರ್ತೀನಿ ಕಂದಾ. ಧೈರ್ಯವಾಗಿರು, ಆಯ್ತಾ?"

"ಅಕ್ಕಾ..." ಪಕ್ಕದಲ್ಲಿ ಅಮ್ಮ ನಿಂತಿದ್ದಳು. ಬಟಾಣಿ ಅವಳ ಸೆರಗಿನ ತುದಿ ಹಿಡಿದುಕೊಂಡಳು. "ನಾನು ಸುಳ್ಳು ಹೇಳ್ದೆ. ನಂಗೆ ಅಮ್ಮ ಇದ್ದಾರೆ. ಇವರೇ."

ಅಕ್ಕ ತಲೆ ಎತ್ತಿ ಅಮ್ಮನನ್ನು ನೋಡಿದಳು. ಮತ್ತೆ ಬಟಾಣಿಯನ್ನು ನೋಡಿದಳು.

"ಮಿಸ್ಸಾ?"

"ಹ್ಞೂ."

ಅಕ್ಕನ ಮುಖ ಕೆಂಪಗಾಯಿತು. ಕನ್ನಡಕ ತೆಗೆದು ಒರೆಸಿದಳು. "ನಾನು... ನಮ್ಮ ಮನೆಗೆ ಫೋನ್ ಮಾಡಿದಾಗೆಲ್ಲ ನಿನ್ನ ವಿಷಯಾನೇ ಹೇಳ್ತಿದ್ದೆ," ಎಂದಳು. ಬೈಯಲಿಲ್ಲ. ಆದರೆ ತಬ್ಬಿಕೊಳ್ಳಲೂ ಇಲ್ಲ. ಎದ್ದು ಮೆಲ್ಲಗೆ ಬಸ್ಸು ಹತ್ತಿದಳು.

ಪಾಸ್ಟರ್ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದರು. "ತಪ್ಪು ನನ್ನದು ಪಾಸ್ಟರ್," ಎಂದು ಅಮ್ಮ ಶುರುಮಾಡಿದಳು. ಅವರು ಕೈ ಎತ್ತಿ ತಡೆದರು. "ಊರಿಗೆ ಹೋಗಿ ಫೋನ್ ಮಾಡ್ತೀನಿ," ಎಂದಷ್ಟೇ ಹೇಳಿದರು. ಬಸ್ಸು ಹೊರಟಿತು. ಕಿಟಕಿಯಿಂದ ಎಲ್ಲರೂ ಕೈ ಬೀಸಿದರು. ಕನ್ನಡಕದ ಅಕ್ಕ ಕೂತಿದ್ದ ಕಿಟಕಿಯಿಂದ ಕೈ ಬರಲಿಲ್ಲ.

ಹಾಲ್ ಖಾಲಿಯಾಯಿತು. ಬಟಾಣಿ ಮೆಟ್ಟಿಲ ಮೇಲೆ ಕೂತಿದ್ದಳು. ಅಮ್ಮ ಬಾಚಣಿಗೆ ತಂದು ಹಿಂದಿನ ಮೆಟ್ಟಿಲಲ್ಲಿ ಕೂತು, ನಿನ್ನೆಯ ಜಡೆಗಳನ್ನು ಬಿಚ್ಚಿದಳು. ಅಮ್ಮನ ಕೈ ಒರಟು. ಬೆರಳಿಗೆ ಹಸಿರು ಬಣ್ಣ ಅಂಟಿಕೊಂಡಿತ್ತು. ಸಿಕ್ಕಿನಲ್ಲಿ ಬಾಚಣಿಗೆ ಜಗ್ಗಿದಾಗ ಕಣ್ಣಲ್ಲಿ ನೀರು ಬಂತು. ಬಟಾಣಿ 'ಹಾ' ಅನ್ನಲಿಲ್ಲ.

ಎಡಗಡೆ ಜಡೆ ಮುಗಿಯಿತು. ಬಲಗಡೆ ಅರ್ಧ ಆಗಿತ್ತು, ಫೋನ್ ರಿಂಗಾಯಿತು.

ಅಮ್ಮನ ಕೈ ನಿಂತಿತು. ಪಾಸ್ಟರ್ ಊರು ತಲುಪಲು ಇನ್ನೂ ಹೊತ್ತಿತ್ತು. ಮುಂದಿನ ತಂಡದವರೋ, ಆಫೀಸಿನವರೋ. ಅಮ್ಮ ಫೋನನ್ನು ನೋಡಿದಳು, ಮುಟ್ಟಲಿಲ್ಲ.

"ಮಾತಾಡಮ್ಮಾ," ಎಂದಳು ಬಟಾಣಿ. ಕೈ ಹಿಂದೆ ಚಾಚಿ ಅರ್ಧ ಜಡೆಯನ್ನು ತಾನೇ ಹಿಡಿದುಕೊಂಡಳು. "ಬಿಚ್ಚಿಹೋಗದ ಹಾಗೆ ಹಿಡ್ಕೊಂಡಿರ್ತೀನಿ."

ಆಗಲೇ ಅವಳಿಗೆ ಗುಂಗುರು ಕಂಡದ್ದು. ನಿನ್ನೆ ಬಿಟ್ಟುಹೋದ ಚಪ್ಪಲಿ ಹುಡುಕಿಕೊಂಡು ಬಂದಿದ್ದಳು. ಚಪ್ಪಲಿ ಸಿಕ್ಕಿ ಕೈಯಲ್ಲೇ ಇತ್ತು. ಆದರೂ ಹೋಗದೆ ಹಸಿರು ಬೆಂಚಿನ ಹತ್ತಿರ ನಿಂತು, ಅಮ್ಮನ ಕೈಯಲ್ಲಿದ್ದ ಬಾಚಣಿಗೆಯನ್ನೇ ನೋಡುತ್ತಿದ್ದಳು.

ಬಟಾಣಿ ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಮೆಟ್ಟಿಲ ಮೇಲೆ ಒಂದಿಷ್ಟು ಪಕ್ಕಕ್ಕೆ ಸರಿದಳು.

ಗುಂಗುರು ಬಂದು ಆ ಜಾಗದಲ್ಲಿ ಕೂತಳು. ಅಮ್ಮ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, "ಹ್ಞಾಂ, ಹೇಳಿ," ಎನ್ನುತ್ತಾ ಕೆಳಗೆ ನೋಡಿದಳು. ಹಾಗೇ ಗುಂಗುರುವಿನ ತಲೆಗೆ ಬಾಚಣಿಗೆ ಹಾಕಿದಳು.

ಆ ತಲೆಯಲ್ಲಿ ಹೆಣೆಯುವುದಕ್ಕೆ ಏನೂ ಇರಲಿಲ್ಲ. ಆದರೂ ಅಮ್ಮ ಬಾಚುತ್ತಲೇ ಇದ್ದಳು. ಗುಂಗುರು ಕಣ್ಣು ಮುಚ್ಚಿಕೊಂಡು ಕೂತಿದ್ದಳು. ಬಟಾಣಿ ತನ್ನ ಅರ್ಧ ಜಡೆಯನ್ನು ಬಿಗಿಯಾಗಿ ಹಿಡಿದುಕೊಂಡು ಕಾದಳು.