ಟ್ಯಾಂಕಿನ ಮೇಲಿನ ಒಂಬತ್ತು ಗೀಟು

ಮೇ ಹನ್ನೊಂದು, ಸೋಮವಾರ. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಠಾಣೆಗೆ ಬಂದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಕಣ್ಣು ಊದಿಕೊಂಡಿದ್ದರೂ ಮಾತು ನೆಟ್ಟಗಿತ್ತು. ಇನ್‌ಸ್ಪೆಕ್ಟರ್ ಮೇಡಂಗೆ ಇಂಥವರನ್ನು ಕಂಡರೇ ಹೆಚ್ಚು ಭಯ. ಗೋಳೋ ಎಂದು ಅಳುವವರನ್ನಾದರೆ ಸಮಾಧಾನ ಮಾಡಬಹುದು.

"ಮಗಳಿಗೆ ಎಷ್ಟು ವರ್ಷ?"

"ಒಂಬತ್ತು."

"ಕರ್ಕೊಂಡು ಹೋದವರು?"

"ಅವರಪ್ಪ. ಬೈಕ್ ಮೆಕ್ಯಾನಿಕ್. ನಾವು ಬೇರೆಯಾಗಿ ಮೂರು ವರ್ಷ ಆಯ್ತು. ಭಾನುವಾರ ಹತ್ತಕ್ಕೆ ಕರ್ಕೊಂಡು ಹೋಗಿ ಸಂಜೆ ಆರಕ್ಕೆ ಬಿಡಬೇಕು ಅಂತ ಕೋರ್ಟ್ ಹೇಳಿದೆ. ಇಷ್ಟು ದಿನ ಒಂದು ನಿಮಿಷ ತಡ ಮಾಡಿರ್ಲಿಲ್ಲ."

"ಹಾಗಾದ್ರೆ ಬಂದೇ ಬರ್ತಾರೆ ಬಿಡಿ ತಾಯಿ," ಎಂದ ಹೆಡ್ ಕಾನ್‌ಸ್ಟೇಬಲ್. ಬಾಯಿ ಮುಚ್ಚುವ ಅಭ್ಯಾಸವಿಲ್ಲದ ಆತನಿಗೆ ಠಾಣೆಯಲ್ಲಿ ರೇಡಿಯೋ ಎಂದೇ ಹೆಸರು.

ಹೆಂಗಸು ಅವನತ್ತ ನೋಡಲೂ ಇಲ್ಲ. "ಅವಳಿಗೆ ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಬೇಕು ಮೇಡಂ. ಎರಡು ದಿನ ತಪ್ಪಿದ್ರೆ ಜೀವಕ್ಕೇ ಅಪಾಯ."

"ಚುಚ್ಚೋಕೆ ಅವರಿಗೆ ಬರುತ್ತಾ?"

"ನನಗಿಂತ ಚೆನ್ನಾಗಿ. ಬಾಟ್ಲಿನೂ ಜೊತೇಲೇ ಇದೆ. ಆದ್ರೆ ಬಿಸಿಗೆ ಅದು ಕೆಟ್ಟುಹೋಗುತ್ತೆ. ಈ ಬಿಸಿಲಲ್ಲಿ, ಬೈಕ್ ಮೇಲೆ..."

ಒಂಬತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಗ್ಯಾರೇಜಿನ ಬೀಗ ಒಡೆಸಿ, ಅಕ್ಕಪಕ್ಕದ ಇಬ್ಬರು ಅಂಗಡಿಯವರನ್ನು ನಿಲ್ಲಿಸಿಕೊಂಡು ಪಂಚನಾಮೆ ಮಾಡಿದರು. ಸ್ಪ್ಯಾನರುಗಳು ಅಳತೆಯ ಪ್ರಕಾರ ಮೊಳೆಗೆ ತೂಗುತ್ತಿದ್ದವು. ಎಂಜಿನ್ ಬಿಚ್ಚಿಟ್ಟ ಗಿರಾಕಿಯ ಬೈಕಿಗೆ 'ಶುಕ್ರವಾರ ಕೊಡುತ್ತೇನೆ' ಎಂಬ ಚೀಟಿ ಅಂಟಿತ್ತು. ಅಂದರೆ ವಾಪಸ್ ಬರುವ ಮನಸ್ಸಿದೆ. ಆದರೆ ಫೋನನ್ನು ಬೇಕೆಂದೇ ಮೇಜಿನ ಮೇಲೆ ಬಿಟ್ಟುಹೋಗಿದ್ದ.

ಗೋಡೆಯ ಮೇಲೆ ಮಗು ಬರೆದ ನಾಲ್ಕು ಚಿತ್ರಗಳಿದ್ದವು: ಬಾಯಿ ತೆರೆದ ಮೀನು, ಕನ್ನಡಿ ತುಂಬಿದ ಮನೆ, ಒಳಗೆ ಊಟದ ಮೇಜುಗಳಿರುವ ವಿಮಾನ, ಮತ್ತು ಕೈ ಮೇಲೆತ್ತಿದ ಇಬ್ಬರನ್ನು ಹೊತ್ತು ಏರು ಹತ್ತುತ್ತಿರುವ ಬೈಕು. ಕೊನೆಯದು ಯಾರಿಗೂ ತಲೆಬುಡ ತಿಳಿಯಲಿಲ್ಲ. ಮೀನು ಮಾತ್ರ ರೇಡಿಯೋಗೆ ಗೊತ್ತಿತ್ತು.

"ಹೆದ್ದಾರಿ ಪಕ್ಕದ ಸಿಮೆಂಟ್ ಮೀನು ಮೇಡಂ. ಬಾಯಲ್ಲಿ ಹೊಕ್ಕು ಬಾಲದಲ್ಲಿ ಬರಬಹುದು. ನಾನೂ ಹೋಗಿದ್ದೆ, ಹೊಟ್ಟೇಲಿ ಸಿಕ್ಕಾಕೊಂಡೆ."

ಬೈಕಿನ ನಂಬರು ವೈರ್‌ಲೆಸ್‌ನಲ್ಲಿ ಎಲ್ಲ ಠಾಣೆಗಳಿಗೂ ಹೋಯಿತು. ಮಧ್ಯಾಹ್ನ ಮೂರೂವರೆಗೆ ಮೀನಿನ ಕಾವಲುಗಾರ ಗುರುತು ಹಿಡಿದ: ಅಪ್ಪ, ಮಗಳು, ಹಸಿರು ಟ್ಯಾಂಕಿನ ಹಳೇ ಬೈಕು, ಭಾನುವಾರ ಒಂದು ಗಂಟೆ. ಮಗು ಮೀನಿನ ಬಾಲದಿಂದ ನಗುತ್ತ ಹೊರಬಂದಿತಂತೆ. ನಗುತ್ತಿತ್ತು ಎಂಬುದನ್ನು ಮೇಡಂ ತಾಯಿಗೆ ಫೋನಿನಲ್ಲಿ ಎರಡು ಸಲ ಹೇಳಿದರು. ಅದನ್ನು ಬಿಟ್ಟರೆ ಹೇಳಲು ಅವರ ಬಳಿ ಏನೂ ಇರಲಿಲ್ಲ.

ಕನ್ನಡಿ ಮನೆ ಎಲ್ಲಿದೆ ಎಂದು ಅದೇ ಕಾವಲುಗಾರ ಹೇಳಿದ, ಆದರೆ ಅದಕ್ಕೆ ಸೋಮವಾರ ರಜೆ. ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಅದರ ಗೇಟಿನಲ್ಲಿ ಐಸ್‌ಕ್ಯಾಂಡಿ ಮಾರುವ ಅಜ್ಜಿ ಸಿಕ್ಕಳು. ಮೇಡಂ ಅಪ್ಪ-ಮಗಳ ಫೋಟೋ, ಚಿತ್ರಗಳ ಫೋಟೋ ಎರಡನ್ನೂ ತೋರಿಸಿದರು.

"ಓ, ಅವನಾ? ನನ್ನ ಗಾಡಿ ಚಕ್ರ ಸರಿಮಾಡಿಕೊಟ್ಟ, ಪುಣ್ಯಾತ್ಮ. ಮಗೂದು ಔಷಧಿ ಬಿಸಿಯಾಗಬಾರದು ಅಜ್ಜಿ ಅಂತ ಒದ್ದಾಡ್ತಿದ್ದ. ನಾನೇ ಹೇಳಿಕೊಟ್ಟೆ."

"ಏನಂತ?"

"ಬರೀ ಐಸ್ ಹಾಕಿದ್ರೆ ಎಷ್ಟೊತ್ತಿರುತ್ತಪ್ಪಾ? ಕಲ್ಲುಪ್ಪು ಬೆರೆಸು, ಇನ್ನೂ ಕೊರೆಯುತ್ತೆ ಅಂದೆ. ಫ್ಲಾಸ್ಕ್ ತುಂಬಾ ಹಾಕಿಕೊಟ್ಟೆ. ನಾನು ಕ್ಯಾಂಡಿ ಗಟ್ಟಿ ಮಾಡೋದೂ ಹಾಗೇ ಅಲ್ವಾ?"

"ಎಷ್ಟೊತ್ತಿಗೆ?"

"ಭಾನುವಾರ ನಾಲ್ಕು ಗಂಟೆ."

ಮೇಡಂ ಅಲ್ಲೇ ನಿಂತು ಮಗುವಿನ ಡಾಕ್ಟರಿಗೆ ಫೋನ್ ಮಾಡಿದರು.

"ಇನ್ಸುಲಿನ್ ಹೆಪ್ಪುಗಟ್ಟಿದ್ರೆ ಏನಾಗುತ್ತೆ ಡಾಕ್ಟ್ರೇ?"

"ಕೆಟ್ಟುಹೋಗುತ್ತೆ. ಕರಗಿದ ಮೇಲೂ ಅದನ್ನ ನಂಬೋ ಹಾಗಿಲ್ಲ. ನೀರು ಚುಚ್ಚಿದ ಹಾಗೆ. ಭಾನುವಾರದಿಂದ ಅದನ್ನೇ ಚುಚ್ತಿದ್ರೆ ನಿಮಗೆ ಹೆಚ್ಚು ಟೈಮಿಲ್ಲ ಮೇಡಂ. ಸಿಕ್ಕಿದ ತಕ್ಷಣ ಆಸ್ಪತ್ರೆಗೆ ಹಾಕಿ."

ಬಿಸಿಗೆ ಹೆದರಿ ಹೆದರಿ ಅಪ್ಪ ಔಷಧಿಯನ್ನು ತಣ್ಣಗೆ ಕೊಂದಿದ್ದ. ಮೇಡಂಗೆ ಅವನ ಮೇಲೆ ಸಿಟ್ಟು ಬಂತು, ಅಜ್ಜಿಯ ಮೇಲೂ ಬಂತು. ಆದರೆ ಬೈಯಲು ಪುರುಸೊತ್ತಿರಲಿಲ್ಲ.

"ಅಜ್ಜಿ, ಈ ನಾಲ್ಕನೇ ಚಿತ್ರ ಏನು, ಗೊತ್ತಾ?"

"ಅಯ್ಯೋ, ಏರು ರಸ್ತೆ ಅಲ್ವಾ! ಗಾಡೀನ ನ್ಯೂಟ್ರಲ್‌ಗೆ ಹಾಕಿ ಕೈಬಿಟ್ರೆ ತಾನೇ ಮೇಲಕ್ಕೆ ಹತ್ತುತ್ತೆ. ಬರೀ ಕಣ್ಕಟ್ಟು, ನಿಜವಾಗಿ ಅದು ಇಳಿಜಾರೇ ಅಂತಾರೆ. ಮಂಗಳವಾರ ಅಲ್ಲಿಗೆ ಅಂತ ಮಗು ಹೇಳ್ತಿತ್ತು."

ಏರು ರಸ್ತೆ ನೂರ ಮೂವತ್ತು ಕಿಲೋಮೀಟರ್ ದೂರ. ಅಲ್ಲಿನ ಠಾಣೆಯ ಜೀಪು ರಿಪೇರಿಗೆ ಹೋಗಿತ್ತು. ಹತ್ತಿರದ ಆಂಬುಲೆನ್ಸು ಇನ್ನೊಂದು ರೋಗಿಯನ್ನು ಇಳಿಸಿ ಬರಬೇಕಿತ್ತು. ಎದುರಿಗೆ ಬಾ ಎಂದು ಅದಕ್ಕೆ ಹೇಳಿ ಹತ್ತು ಗಂಟೆಗೆ ಹೊರಟರು. ದಾರಿಯುದ್ದಕ್ಕೂ ಮೇಡಂ ಗಡಿಯಾರ ನೋಡುತ್ತಿದ್ದರು. ರೇಡಿಯೋ ಬಂದ್ ಆಗಿತ್ತು.

ಹನ್ನೆರಡು ಐವತ್ತಕ್ಕೆ ಕಂಡರು. ಕಾದ ಕಾವಲಿಯಂಥ ರಸ್ತೆಯಲ್ಲಿ ಒಂದು ನರಪಿಳ್ಳೆಯಿಲ್ಲ. ಮೆಕ್ಯಾನಿಕ್ ಹಳೇ ಟ್ಯೂಬಿನಿಂದ ಮಗಳನ್ನು ಬೆನ್ನಿಗೆ ಕಟ್ಟಿಕೊಳ್ಳಲು ನೋಡುತ್ತಿದ್ದ. ಕಟ್ಟಿದಷ್ಟೂ ಮಗು ಪಕ್ಕಕ್ಕೆ ಜಾರುತ್ತಿತ್ತು. ಪೊಲೀಸರನ್ನು ಕಂಡು ಅವನು ಟ್ಯೂಬು ಬಿಸಾಡಿ, ಮಗುವನ್ನು ತಬ್ಬಿಕೊಂಡು ಓಡಿದ. ರೇಡಿಯೋ ಅಡ್ಡಗಟ್ಟಲು ಬಾಗಿಲು ತೆರೆದವನು ಹಾಗೇ ನಿಂತ. ಮೆಕ್ಯಾನಿಕ್ ಓಡಿಬರುತ್ತಿದ್ದುದು ಜೀಪಿನ ಕಡೆಗೇ.

"ಮೇಡಂ, ಆಸ್ಪತ್ರೆ! ಬೈಕ್ ಮೇಲೆ ಕೂರಕ್ಕಾಗ್ತಿಲ್ಲ ಅವಳಿಗೆ. ಒಂದು ಗಾಡಿನೂ ಬರ್ಲಿಲ್ಲ!"

ಮಗು ಕಮ್ಮಾರನ ತಿದಿಯ ಹಾಗೆ ಉಸಿರಾಡುತ್ತಿತ್ತು. ತುಟಿ ಒಣಗಿ ಬಿರಿದಿತ್ತು.

"ಬೆಳಿಗ್ಗೆ ಯಾಕೆ ಆಸ್ಪತ್ರೆಗೆ ಹೋಗ್ಲಿಲ್ಲ?" ಜೀಪು ಹೊರಟ ಮೇಲೆ ಮೇಡಂ ಕೇಳಿದರು.

"ವಾಂತಿ ಮಾಡಿದ್ಲು. ನಿನ್ನೆ ಆ ವಿಮಾನದ ಹೋಟ್ಲಲ್ಲಿ ತಿಂದಿದ್ದು ಆಗಿಲ್ಲ ಅಂದ್ಕೊಂಡೆ. ಔಷಧಿ ಸರಿಯಾಗಿ ಕೊಡ್ತಿದ್ದೆ ಮೇಡಂ, ಒಂದು ಸಲಾನೂ ತಪ್ಪಿಸಿಲ್ಲ. ಇದೊಂದು ಜಾಗ ನೋಡಿ ಹೋಗೋಣಪ್ಪಾ ಅಂದ್ಲು." ಅವನು ಮುಷ್ಟಿಯಿಂದ ಹಣೆ ಚಚ್ಚಿಕೊಂಡ. "ನಾನಾದ್ರೂ ಬೇಡ ಅನ್ನಬೇಕಿತ್ತು."

ಅರ್ಧ ದಾರಿಯಲ್ಲಿ ಆಂಬುಲೆನ್ಸ್ ಸಿಕ್ಕಿತು. ಒಂದು ನಲವತ್ತಕ್ಕೆ ಮಗು ಆಸ್ಪತ್ರೆ ಸೇರಿತು.

ಸ್ಥಳದಲ್ಲೇ ಉಳಿದಿದ್ದ ರೇಡಿಯೋ ಬೈಕಿನ ಪಂಚನಾಮೆ ಮಾಡಿಸಿ, ಫೋನಿನಲ್ಲಿ ಓದಿ ಹೇಳಿದ. ಎರಡು ಹೆಲ್ಮೆಟ್, ಒಂದು ಚಿಕ್ಕದು. ಫ್ಲಾಸ್ಕ್, ಒಳಗೆ ಉಪ್ಪುನೀರು. ಔಷಧಿಯ ಬಾಟಲಿ. ಸೀಟಿನ ಕೆಳಗೆ ಬಳಸಿದ ಒಂಬತ್ತು ಸಿರಿಂಜು. "ಟ್ಯಾಂಕ್ ಮೇಲೆ ಸೀಮೆಸುಣ್ಣದ ಗೀಟು ಎಳೆದಿದಾನೆ ಮೇಡಂ, ಪಕ್ಕದಲ್ಲಿ ಟೈಮು. ಹನ್ನೆರಡು ಗಂಟೆ, ಆರು, ಹತ್ತು... ಒಟ್ಟು ಒಂಬತ್ತು. ಒಂದೂ ಆಚೀಚೆ ಆಗಿಲ್ಲ."

ಸಂಜೆ ಆರು ಐದಕ್ಕೆ ಆಸ್ಪತ್ರೆಯ ಕಾರಿಡಾರಿನಲ್ಲಿ ಮೆಕ್ಯಾನಿಕ್‌ನನ್ನು ಬಂಧಿಸಲಾಯಿತು. ಆರೋಪ ಓದಿ ಹೇಳಿದಾಗ ತಲೆಯಾಡಿಸಿ ಸಹಿ ಹಾಕಿದ. ಹೇಳಿಕೆಯೂ ಚಿಕ್ಕದೇ.

"ಜೂನ್ ಒಂದಕ್ಕೆ ಅವರಮ್ಮ ಹೊಸ ಗಂಡನ ಊರಿಗೆ ಹೋಗ್ತಾರೆ. ಎರಡು ದಿನದ ರೈಲು. ಇನ್ಮೇಲೆ ವರ್ಷಕ್ಕೆ ಎರಡು ಸಲ ನೋಡಬಹುದಂತೆ. ಒಂಬತ್ತು ವರ್ಷದ ಮಗು ಏನು ನೆನಪಿಟ್ಕೊಳ್ಳುತ್ತೆ ಮೇಡಂ? ಭಾನುವಾರ, ಗ್ರೀಸ್ ವಾಸನೆ, ಅಷ್ಟೇ. ನಾಲ್ಕು ದಿನ ಒಟ್ಟಿಗಿದ್ರೆ ಏನಾದ್ರೂ ಒಂದು ಉಳಿಯುತ್ತೆ ಅಂದ್ಕೊಂಡೆ. ಬುಧವಾರ ಸಂಜೆ ಆರಕ್ಕೆ ಬಿಡ್ತಿದ್ದೆ."

ಏಳು ಇಪ್ಪತ್ತಕ್ಕೆ ಡಾಕ್ಟರು ಹೊರಬಂದು ಮಗು ಕಣ್ಣು ಬಿಟ್ಟಿದೆ ಎಂದರು. ಸುದ್ದಿ ತಿಳಿದು ಬಂದಿದ್ದ ತಾಯಿ ಒಳಗೆ ಓಡಿದಳು. ಮೆಕ್ಯಾನಿಕ್ ಎದ್ದು ನಿಂತವನು, ತಾನು ಹೋಗುವಂತಿಲ್ಲ ಎಂಬುದು ನೆನಪಾಗಿ ಮತ್ತೆ ಕೂತ.

"ಔಷಧಿ ಯಾವಾಗ ಕೆಟ್ಟಿದ್ದು ಮೇಡಂ?"

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಕಾಗದದಲ್ಲಿ ಬರೆದಾಗಿದೆ, ಕೋರ್ಟಿನಲ್ಲಿ ಯಾರಾದರೂ ಓದೇ ಓದುತ್ತಾರೆ. "ಭಾನುವಾರ ಸಂಜೆ," ಎಂದರು.

ಅವನು ಗ್ರೀಸ್ ಹಿಡಿದ ಬೆರಳುಗಳನ್ನು ಒಂದೊಂದೇ ಮಡಚಿ ಎಣಿಸಿದ.

"ಎಂಟು ಸಲ," ಎಂದ. "ಎಂಟು ಸಲ ಸುಮ್ಮನೆ ಚುಚ್ಚಿದೀನಿ. ಪ್ರತಿ ಸಲಾನೂ, ಇದೊಂದು ತಡ್ಕೋ ಮರಿ, ಸರಿಹೋಗುತ್ತೆ ಅಂದಿದ್ದೆ."

ಮೇಡಂ ಎದ್ದು ಕಿಟಕಿಯ ಬಳಿ ಹೋಗಿ ರೇಡಿಯೋಗೆ ಫೋನ್ ಮಾಡಿದರು. ಬೈಕನ್ನು ಬಟ್ಟೆಯಲ್ಲಿ ಒರೆಸಬೇಡಿ, ಟ್ಯಾಂಕಿಗೆ ಯಾರೂ ಕೈ ತಾಗಿಸಬೇಡಿ, ಫೋಟೋ ತೆಗೆಸಿ, ನೆರಳಿನಲ್ಲಿ ನಿಲ್ಲಿಸಿ ಎಂದರು.

"ಒಂದು ಗೀಟೂ ಅಳಿಸಬಾರ್ದು. ಕೋರ್ಟ್ ಎಲ್ಲಾನೂ ನೋಡ್ಲಿ."