ಕೌದಿಯ ಆಚೆ ಮಗ್ಗುಲು

ಪ್ರದರ್ಶನ ಶುರುವಾಗಲು ಇನ್ನೊಂದು ಗಂಟೆ ಇತ್ತು. ಗ್ಯಾಲರಿಯ ಬಾಗಿಲು ತಳ್ಳಿ ಒಳಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಪ್ರದರ್ಶನಕ್ಕೆ ಕೌದಿಗಳನ್ನು ತೂಗುಹಾಕುವ ಕೆಲಸ ವಹಿಸಿಕೊಂಡಿದ್ದ ಬಡಗಿ ನನ್ನದನ್ನು ಹಿಂದುಮುಂದಾಗಿ ತೂಗುಹಾಕಿದ್ದರು.

ಮೈಯೆಲ್ಲ ಉರಿದುಹೋಯಿತು. ಎಂಟು ತಿಂಗಳ ಕೆಲಸ ಅದು. ಹಗಲಿಡೀ ಗಿರಾಕಿಗಳ ಪ್ಯಾಂಟು ಮೋಟು ಮಾಡಿ, ಜಿಪ್ ಬದಲಿಸಿ, ಸಂಜೆ ಕೂತು ಕೈಯಲ್ಲಿ ಹೊಲಿದದ್ದು. ಮುಂಭಾಗದಲ್ಲಿ ನನ್ನ ಬದುಕೇ ಇದೆ. ಹಳದಿ ಬಟ್ಟೆಯ ಚೂರುಗಳಿಂದಾದ ದೊಡ್ಡ ಕೋಣೆ, ಅದರಲ್ಲಿ ಒಂದು ಮೇಜು, ಒಂದು ಕುರ್ಚಿ, ಒಂದು ಲೋಟ. ನನ್ನ ಮದುವೆ ಮುರಿದು ಹತ್ತು ವರ್ಷವಾಯಿತು. ಒಬ್ಬಳೇ ಇದ್ದೇನೆ, ಚೆನ್ನಾಗಿಯೇ ಇದ್ದೇನೆ ಎಂದು ಹೇಳುವ ಕೌದಿ ಅದು.

ಹೇಳಬೇಕಾಗಿದ್ದದ್ದು ಮುಖ್ಯವಾಗಿ ಈ ಬಡಗಿಗೇ. ನಮ್ಮ ಟೈಲರ್ ಅಂಗಡಿಯ ಮೇಜಿನ ಕಾಲು ಸರಿಮಾಡಲು ಬಂದವರು ಅವರು. ಒಂದು ಕಾಲಿಗಾಗಿ ಎಂಟು ತಿಂಗಳು ಬಂದರು. ಸಂಜೆ ನನ್ನೆದುರು ಸ್ಟೂಲ್ ಎಳೆದುಕೊಂಡು ಕೂತು ಏನಾದರೂ ಕೆತ್ತುತ್ತಿರುತ್ತಿದ್ದರು. ಮಧ್ಯೆ ಮಧ್ಯೆ ಕತ್ತೆತ್ತಿ ನನ್ನನ್ನು ನೋಡುವರು. ನಾನೂ ನೋಡಿಬಿಟ್ಟರೆ ಕೂಡಲೇ ಉಳಿಯ ಮೊನೆ ಪರೀಕ್ಷಿಸುವರು.

ಎರಡು ವಾರದ ಹಿಂದೆ ಕೇಳಿಯೇಬಿಟ್ಟರು. "ನಿಮ್ಮನೇಲಿ ನನಗೊಂದು ಜಾಗ ಇದೆಯಾ?"

ನಾನು ಸೂಜಿಗೆ ನೂಲು ಪೋಣಿಸತೊಡಗಿದೆ. "ಪ್ರದರ್ಶನದ ದಿನ ಕೌದಿ ನೋಡಿ. ಉತ್ತರ ಅದರಲ್ಲೇ ಇದೆ," ಅಂದೆ.

"ಎಂಟಡಿ ಬಟ್ಟೇಲಿ ಬೇಡ ಅಂತ ಹೇಳೋ ಬದಲು ಬಾಯಲ್ಲಿ ಹೇಳಕ್ಕೆ ಏನೇ ರೋಗ ನಿಂಗೆ?" ಎಂದು ಅಕ್ಕ ಆಮೇಲೆ ಬೈದಳು.

ಈಗ ನೋಡಿದರೆ ಆ ಉತ್ತರ ಗೋಡೆಯ ಕಡೆಗೆ ಮುಖಮಾಡಿತ್ತು.

"ಬಡಗಿಯವರೇ, ಉತ್ತರ ಇಷ್ಟ ಆಗ್ಲಿಲ್ಲ ಅಂತ ಗೋಡೆಗೆ ತಿರುಗಿಸಿಬಿಟ್ರಾ?"

ಏಣಿಯ ಪಕ್ಕ ನಿಂತಿದ್ದವರು ಕಕ್ಕಾಬಿಕ್ಕಿಯಾದರು. "ಇದು ಹಿಂಭಾಗನಾ?"

"ಮತ್ತಿನ್ನೇನು? ಚಿತ್ರ ಇರೋದು ಆಚೆ ಕಡೆ."

"ಸುತ್ತಿಟ್ಟಿದ್ರಿ. ಮೇಲಿನ ಕುಣಿಕೆ ಎರಡು ಕಡೆಯಿಂದಲೂ ಒಂದೇ ಥರ ಇತ್ತು. ಬಿಚ್ಚಿದಾಗ ಮೊದಲು ಕಂಡಿದ್ದೇ ಇದು. ಇನ್ನೊಂದು ಕಡೆ ನೋಡಬೇಕು ಅಂತ ಅನ್ನಿಸಲೇ ಇಲ್ಲ." ಅವರ ದನಿ ತಗ್ಗಿತು. "ಬೆಳಗ್ಗೆಯಿಂದ ಇದರ ಮುಂದೇ ನಿಂತಿದೀನಿ. ಬೇರೆಯವರ ಐದು ಕೌದಿ ಇನ್ನೂ ನೆಲದ ಮೇಲಿವೆ."

ಬೈಯಲು ಬಾಯಿ ತೆರೆದವಳು ಅವರ ಕಣ್ಣು ಹೋದ ಕಡೆ ನೋಡಿದೆ.

ಹಿಂಭಾಗವೆಂದರೆ ಒಂದೇ ಬಣ್ಣದ ಕಡುನೀಲಿ ಬಟ್ಟೆ. ಪದರಗಳನ್ನು ಸೇರಿಸಲು ಬಳಸಿದ್ದು ಹಳದಿ ನೂಲು, ಮುಂಭಾಗದ ಹಳದಿಯಲ್ಲಿ ಹೊಲಿಗೆ ಮರೆಯಾಗಲಿ ಎಂದು. ಮರದ ಬಳೆಯೊಳಗೆ ಗೇಣಗಲ ಬಟ್ಟೆ ಬಿಗಿದುಕೊಂಡು ಹೊಲಿಯುವವಳು ನಾನು. ಈ ಮಗ್ಗುಲನ್ನು ಪೂರ್ತಿ ಬಿಡಿಸಿ ಎಂದೂ ನೋಡಿರಲಿಲ್ಲ.

ನೀಲಿಯ ತುಂಬ ಸಾವಿರಾರು ಹಳದಿ ಚುಕ್ಕಿಗಳು. ನನ್ನ ಕುರ್ಚಿ ಇದ್ದ ಕಡೆ ಹೊಲಿಗೆ ನೆಟ್ಟಗೆ, ಬಿಗಿಯಾಗಿ ಇತ್ತು. ಆದರೆ ಮೇಜಿನ ಇನ್ನೊಂದು ಬದಿಯಲ್ಲಿ, ಮುಂದಿನಿಂದ ನೋಡಿದರೆ ಬರೀ ಖಾಲಿ ಹಳದಿ ಇರುವಲ್ಲಿ, ಹೊಲಿಗೆ ಎಳ್ಳಿನಷ್ಟು ಸಣ್ಣದಾಗಿತ್ತು. ಸಾಲಿನ ಪಕ್ಕ ಸಾಲು ಬಾಗಿ ಬಾಗಿ ಏನನ್ನೋ ಬಳಸಿಕೊಂಡು ಹೋಗಿತ್ತು. ನಡುವೆ ಹೊಲಿಗೆಯೇ ಬೀಳದೆ ಉಬ್ಬಿನಿಂತ ಜಾಗ. ತುಸು ಬಗ್ಗಿದ ಬೆನ್ನು, ಮುಂದೆ ಚಾಚಿದ ಮೊಣಕೈ, ಆಗಷ್ಟೇ ಎತ್ತಿದ ತಲೆ.

ಅಲ್ಲಿ ನಾನು ಒಂದು ಪೆನ್ಸಿಲ್ ಗೆರೆಯನ್ನೂ ಎಳೆದಿರಲಿಲ್ಲ. ಖಾಲಿ ಜಾಗ ತಾನೇ ಎಂದು ಕೈ ಹೋದ ಹಾಗೆ ಬಿಟ್ಟಿದ್ದೆ. ಹರಟುತ್ತ, ಎದುರಿದ್ದವರನ್ನು ನೋಡುತ್ತ ಹೊಲಿದ ಸಂಜೆಗಳು ಅವು. ನನ್ನ ಬೆರಳಿಗೆ ಗೊತ್ತಿದ್ದದ್ದು ಇಷ್ಟು ದಿನ ನನಗೇ ಗೊತ್ತಿರಲಿಲ್ಲ. ಕಣ್ಣು ತುಂಬಿ ಬಂತು.

"ಉತ್ತರ ಸಿಕ್ತು, ಬೇಜಾರು ಮಾಡ್ಕೋಬೇಡಿ," ಎಂದರು ಬಡಗಿ. "ಆ ಜಾಗದಲ್ಲಿ ಆಗಲೇ ಯಾರೋ ಕೂತಿದಾರೆ. ಯಾರು ಅಂತ ಕೇಳಲ್ಲ. ಇಷ್ಟು ಪ್ರೀತಿಯಿಂದ ಒಬ್ಬರನ್ನ ಹೊಲೀಬಹುದು ಅಂತ ನಂಗೆ ಗೊತ್ತಿರ್ಲಿಲ್ಲ. ಹೊಟ್ಟೆಕಿಚ್ಚಾಯ್ತು. ಆದ್ರೂ ಬಿಟ್ಟು ಹೋಗಕ್ಕೆ ಕಾಲು ಬರ್ಲಿಲ್ಲ."

ನನಗೆ ಅಳುವಿನ ಮಧ್ಯೆಯೇ ನಗು ಬಂತು. ಇಂಚಿನ ಎಂಟನೇ ಭಾಗ ಓರೆಯಿದ್ದರೂ ಕಂಡುಹಿಡಿಯುವ ಮನುಷ್ಯನಿಗೆ ತನ್ನನ್ನೇ ಗುರುತಿಸಲು ಬರಲಿಲ್ಲ.

"ಆ ಬೆನ್ನು ಸರಿಯಾಗಿ ನೋಡಿ," ಅಂದೆ. "ಹಾಗೆ ಗೂನು ಹಾಕ್ಕೊಂಡು ಕೂರೋ ಗಂಡಸು ನಮ್ಮಂಗಡೀಲಿ ಇನ್ಯಾರಿದಾರೆ?"

ಅವರು ನೋಡಿದರು. ಹತ್ತಿರ ಹೋಗಿ ನೋಡಿದರು. ಕೈ ತಾನಾಗಿಯೇ ತಮ್ಮ ಹೆಗಲಿಗೆ ಹೋಗಿ ಅಲ್ಲೇ ಉಳಿಯಿತು. ತಿರುಗಿದಾಗ ಅವರ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ. ಆದರೂ ನೋಡಿದೆ. ಈ ಸಲ ಅವರು ಕಣ್ಣು ತಪ್ಪಿಸಲಿಲ್ಲ.

"ಆಚೆ ಕಡೆ ಏನಿದೆ?" ಎಂದು ಮೆಲ್ಲಗೆ ಕೇಳಿದರು.

"ಒಂದೇ ಕುರ್ಚಿ. ಬೇಡ ಅಂತ ಹೇಳಕ್ಕೆ ಮಾಡಿದ್ದು."

"ಮತ್ತೆ ಈಗ?"

"ಇರಿ ನಮ್ಮನೇಲಿ," ಅಂದೆ. "ನೀವು ಬೇಕು ನಂಗೆ. ಬಾಯಲ್ಲೇ ಹೇಳ್ತಿದೀನಿ."

ಆಮೇಲೆ ಅವರು ನೆಲದ ಮೇಲಿದ್ದ ಐದು ಕೌದಿಗಳನ್ನು ನೋಡಿ, ಏಣಿಗೆ ಕೈ ಹಾಕಿ, ಹಾಗೆಯೇ ನಿಂತರು.

"ಸ್ವಲ್ಪ ಹಿಡ್ಕೊಳ್ತೀರಾ? ಕಾಲು ನಡುಗ್ತಿದೆ."

"ಹಿಡ್ಕೊಂಡಿದೀನಿ," ಅಂದೆ. "ಹತ್ತಿ."